ಕೊಟ್ಟ ನೀರಿನ ತೂಕ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಈ ಮಾತನ್ನು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ಮಿಲಿಲೀಟರನ್ನು ಲೀಟರಿಗೆ ತರುವಾಗ ಸಾವಿರದಿಂದ ಭಾಗಿಸಬೇಕು, ಗುಣಿಸಬಾರದು ಎಂದು ಎಷ್ಟು ಬಡಿದುಕೊಂಡರೂ ಪ್ರತಿ ವರ್ಷ ಅರ್ಧ ತರಗತಿ ಗುಣಿಸಿಯೇ ತೀರುತ್ತದೆ. ಒಂದು ಲೋಟ ನೀರು ಅವರ ಉತ್ತರ ಪತ್ರಿಕೆಯಲ್ಲಿ ಕೆರೆಯಾಗಿಬಿಡುತ್ತದೆ. ನಾನು ಕೆಂಪು ಗೀಟು ಎಳೆದು ಮುಂದಿನದಕ್ಕೆ ಹೋಗುತ್ತೇನೆ. ಇಷ್ಟು ವರ್ಷ ನನಗೂ ಆ ಲೆಕ್ಕಕ್ಕೂ ಇದ್ದ ಸಂಬಂಧ ಆ ಗೀಟಿನಷ್ಟೇ. ಅಪ್ಪನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಲೆಕ್ಕ ಅಡುಗೆಮನೆಗೆ ಬಂದು ಕೂತಿತು.

ಅಪ್ಪ ಕರೆಂಟಿನ ಲೈನ್‌ಮನ್ ಆಗಿದ್ದವನು. ಬ್ಯಾಡಗಿಯಿಂದ ಮೋಟೆಬೆನ್ನೂರಿನವರೆಗೆ, ಆಮೇಲೆ ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಲ್ಲಿ ಅವನು ಹತ್ತದ ಕಂಬವಿಲ್ಲ. ಬಿಸಿಲಲ್ಲಿ ಕಂಬ ಇಳಿದು ಬಂದವನಿಗೆ ಹತ್ತಿರದ ಮನೆಯವರು ಒಂದು ತುಂಡು ಬೆಲ್ಲ, ಒಂದು ಚರಿಗೆ ನೀರು ತಂದುಕೊಡುತ್ತಿದ್ದರು. ನೌಕರಿಯಿಂದ ಅವನಿಗೆ ಉಳಿದ ನೆನಪೆಂದರೆ ಅದೇ. ಯಾವ ಊರಿನ ಹೆಸರು ತೆಗೆದರೂ ಅಲ್ಲಿನ ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ನೀರು ಕೊಟ್ಟ ಮನೆ ಯಾವುದು, ಎರಡನ್ನೂ ಹೇಳುತ್ತಾನೆ. ಅವ್ವ ಹೋದ ಮೇಲೆ ಬ್ಯಾಡಗಿಯಲ್ಲಿ ನನ್ನ ಮನೆಯಲ್ಲೇ ಇದ್ದಾನೆ.

ದಿನ ಬಿಟ್ಟು ದಿನ ಅವನನ್ನು ಡಯಾಲಿಸಿಸ್‌ಗೆಂದು ಹಾವೇರಿಗೆ ಕರೆದೊಯ್ಯಬೇಕು. ಒಂದು ದಿನ ನಾನು, ಒಂದು ದಿನ ನನ್ನ ಗಂಡ. ಶಾಲೆಯ ರಜೆಗಳೆಲ್ಲ ಆ ಆಸ್ಪತ್ರೆಯ ಬೆಂಚಿನ ಮೇಲೆ ಕರಗಿಹೋದವು. ಯಂತ್ರಕ್ಕೆ ಹಾಕುವ ಮೊದಲು ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಹೋದ ಸಲಕ್ಕಿಂತ ಎಷ್ಟು ಏರಿದ್ದಾನೋ ಅಷ್ಟೂ ನೀರು. ಮೂತ್ರ ನಿಂತುಹೋದ ಮೈಯಿಂದ ನೀರು ಹೊರಗೆ ಹೋಗಲು ಆ ಯಂತ್ರ ಬಿಟ್ಟರೆ ಬೇರೆ ದಾರಿಯಿಲ್ಲ. ಹೆಚ್ಚಾದದ್ದು ಎದೆಗೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಆದ್ದರಿಂದ ನೀರು, ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ಎಂದರು ಡಾಕ್ಟರು.

ನಾನು ಶಾಲೆಯ ಪ್ರಯೋಗಾಲಯದಿಂದ ಅಳತೆಯ ಜಾಡಿ ತಂದೆ. ಅಪ್ಪನ ಲೋಟ, ಚಹಾದ ಕಪ್ಪು, ಸಾರಿನ ಬಟ್ಟಲು, ಎಲ್ಲವನ್ನೂ ತುಂಬಿ ಜಾಡಿಗೆ ಸುರಿದು ನೋಡಿದೆ. ನಾವು ಚಿಕ್ಕದೆಂದು ತಿಳಿದಿದ್ದ ಬಟ್ಟಲು ಲೋಟಕ್ಕಿಂತ ದೊಡ್ಡದಾಗಿತ್ತು. ಅಂದಿನಿಂದ ನನ್ನ ಕಣ್ಣಿಗೆ ಪಾತ್ರೆಗಳು ಪಾತ್ರೆಗಳಾಗಿ ಉಳಿಯಲಿಲ್ಲ. ಯಾರ ಮನೆಗೆ ಹೋದರೂ ಲೋಟ ನೋಡಿದ ಕೂಡಲೇ ಇದು ಇನ್ನೂರು, ಇದು ಇನ್ನೂರೈವತ್ತು ಎಂದು ತಲೆ ತಾನೇ ಹೇಳಿಬಿಡುತ್ತದೆ. ತಲೆಗೆ ಬಾಯಿ ಮುಚ್ಚು ಎಂದರೆ ಅದು ಕೇಳುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಂತೂ ಬ್ಯಾಡಗಿಯ ಗಾಳಿಯೇ ಗಂಟಲು ಕೆರೆಯುತ್ತದೆ. ನಮಗೇ ತಾಸಿಗೊಮ್ಮೆ ನೀರು ಬೇಕೆನಿಸುವಾಗ ಅವನು ಕಟ್ಟೆಯ ಮೇಲೆ ಕೂತು ಒಣ ತುಟಿ ಸವರಿಕೊಳ್ಳುತ್ತಿದ್ದ. ನೋಡಲಾಗದೆ ನಾನು ಒಳಗೆ ಹೋಗಿ ನೀರು ಕುಡಿಯುತ್ತಿದ್ದೆ. ಅವನೆದುರು ಕುಡಿಯುವುದನ್ನು ಮನೆಯವರೆಲ್ಲ ಬಿಟ್ಟಿದ್ದೆವು.

ಆ ದಿನಗಳಲ್ಲೇ ಶಾಲೆಯ ಒಂದು ಹರಿದ ಪಟವನ್ನು ಅಂಟು ಹಚ್ಚಲೆಂದು ಮನೆಗೆ ತಂದಿದ್ದೆ. ವಿಕಾಸದ ಪಾಠ ಹತ್ತನೆಯ ತರಗತಿಯಲ್ಲಿ ಈಗ ಮೊದಲಿನಂತಿಲ್ಲ. ಪರೀಕ್ಷೆಗೆ ಬಾರದ್ದನ್ನು ಕೇಳುವ ಪುರುಸೊತ್ತು ಮಕ್ಕಳಿಗೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಆ ಪಟ ತೂಗುಹಾಕಿ ಒಂದು ತಾಸು ಹೇಳದಿದ್ದರೆ ನನಗೆ ಸಂಬಳ ದಕ್ಕುವುದಿಲ್ಲ ಅನಿಸುತ್ತದೆ. ಪಟದಲ್ಲಿ ಮನುಷ್ಯನ ಕೈ, ಬಾವಲಿಯ ರೆಕ್ಕೆ, ಕುದುರೆಯ ಮುಂಗಾಲು, ತಿಮಿಂಗಿಲದ ಈಜುಕೈ, ಎಲ್ಲದರ ಮೂಳೆಗಳಿವೆ. ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ.

“ಇದೇನ ಬೇ, ಎಲ್ಲಾರ್ದೂ ಕೈ ಬಿಚ್ಚಿ ಇಟ್ಟೀದಿ?”

ನಾನು ತೋರಿಸಿದೆ. ಮೇಲೆ ಒಂದು ಮೂಳೆ, ಅದರ ಕೆಳಗೆ ಎರಡು, ಆಮೇಲೆ ಸಣ್ಣ ಸಣ್ಣವು, ಕೊನೆಗೆ ಬೆರಳು. ಹಾರುವವನಿಗೂ ಅದೇ, ಈಜುವವನಿಗೂ ಅದೇ. ಎಲ್ಲರೂ ಒಂದೇ ಹಿರಿಯರಿಂದ ಬಂದವರು ಎಂಬುದಕ್ಕೆ ಇದೊಂದು ಸಾಕ್ಷಿ ಎಂದೆ. ಹಾಗಾದರೆ ಮಂಗ ಯಾಕೆ ಇನ್ನೂ ಮಂಗವಾಗಿಯೇ ಉಳಿದಿದೆ ಎಂದು ಅವನು ಕೇಳಿದ. ಮಕ್ಕಳೂ ತಪ್ಪದೆ ಕೇಳುವ ಪ್ರಶ್ನೆ ಅದು. ಮಂಗ ನಮ್ಮ ಅಪ್ಪನಲ್ಲ, ಕಾಕಾನ ಮಗ ಇದ್ದ ಹಾಗೆ. ಅಜ್ಜ ಒಬ್ಬನೇ, ಮನೆತನ ಬೇರೆಯಾಯಿತು ಎಂದು ಮಕ್ಕಳಿಗೆ ಹೇಳುವುದನ್ನೇ ಅವನಿಗೂ ಹೇಳಿದೆ. ಆಮೇಲೆ ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಲು ಹೇಳಿದೆ. ಅವನ ಬಲ ಮಣಿಕಟ್ಟಿನ ನಡುವೆ ನಾವು ನರ ಎನ್ನುವ ಸ್ನಾಯುವಿನ ಹುರಿ ಎದ್ದು ನಿಂತಿತು. ನನ್ನ ಕೈಯಲ್ಲಿ ಏನೂ ಏಳಲಿಲ್ಲ. ಆ ನರಕ್ಕೆ ಅಂಟಿದ ಸ್ನಾಯು ಮರದಿಂದ ಮರಕ್ಕೆ ಜಿಗಿಯುವವರಿಗೆ ಬೇಕಾಗಿತ್ತು, ನಮಗೆ ಬೇಡ, ಅದಕ್ಕೇ ಕೆಲವರಲ್ಲಿ ಅದು ಹುಟ್ಟುವುದೇ ಇಲ್ಲ, ಇಲ್ಲದಿದ್ದರೂ ಕೈಗೆ ಏನೂ ಕೊರತೆಯಾಗುವುದಿಲ್ಲ ಎಂದೆ.

ಅಪ್ಪ ಬಹಳ ಹೊತ್ತು ಆ ನರವನ್ನು ಏಳಿಸಿ ಬೀಳಿಸಿ ನೋಡಿದ. “ಇದು ಹಳೇ ಲೈನು. ಹೊಸಾದು ಎಳದ ಮ್ಯಾಲೆ ಅದರಾಗ ಕರೆಂಟ ಬರಂಗಿಲ್ಲ. ಆದ್ರ ಕಂಬದ ಮ್ಯಾಗಿಂದ ಯಾರೂ ಬಿಚ್ಚಿರಂಗಿಲ್ಲ” ಎಂದ. ನನಗೆ ನಗು ಬಂತು. ಕಿಡ್ನಿಯ ಕಥೆಯನ್ನೂ ಹೇಳಿಬಿಟ್ಟೆ: ನೀರಿನಲ್ಲಿದ್ದ ಹಿರಿಯರ ಪೀಳಿಗೆ ನೆಲಕ್ಕೆ ಬಂದಾಗ ಮೈಯೊಳಗಿನ ನೀರು ಉಳಿಸಿಕೊಳ್ಳುವ ಕೆಲಸ ಕಿಡ್ನಿಯ ಮೇಲೆ ಬಿತ್ತು ಎಂದು. ಅವನು ಅದನ್ನು ಕೇಳಿಸಿಕೊಂಡು ಕನ್ನಡಕ ತೆಗೆದ.

“ಅಂದ್ರ ನಮ್ಮ ಹಿರ್ಯಾರು ಮೀನ ಇದ್ರು ಅಂತೀದಿ. ಆ ಮೀನಕ್ಕ ಯಾರರ ದಿನಾ ಮುಕ್ಕಾಲ ಲೀಟರ್ ಅಂತ ಹೇಳಿದ್ರೇನು?”

ಪಟ ಸುತ್ತಿಟ್ಟು ಅಡುಗೆಗೆ ಎದ್ದೆ.

ಅಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ಕಾರ್ಡನ್ನು ಫೋನಿನಲ್ಲಿ ಕಳಿಸಿದರೆ ಕರೆದಂತಲ್ಲ. ಮನೆಯ ಹಿರಿಯರು ಹೊಸ್ತಿಲು ದಾಟಿ ಹೋಗಿ, ಕೂತು, ಬಾಯಿಬಿಟ್ಟು ಕರೆಯಬೇಕು. ಕರೆಯಲು ಬಂದವರಿಗೆ ನೀರು ಕೊಡದೆ ಯಾರೂ ಕಳಿಸುವುದಿಲ್ಲ, ನೀರು ಮುಟ್ಟದೆ ಯಾರೂ ಏಳುವಂತಿಲ್ಲ. ನಾವೇ ಹೋಗಿ ಬರುತ್ತೇವೆ, ನೀನು ಮನೆಯಲ್ಲಿರು ಎಂದರೆ ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. “ನಾ ಇರೂಮಟ ಕರಿಯಾಂವ ನಾನ” ಎಂದ. ನಾನು ಶಾಲೆಯಲ್ಲಿದ್ದ ಒಂದು ದಿನ ಆಟೋ ಹಿಡಿದು ಮೋಟೆಬೆನ್ನೂರಿಗೆ ಹೋಗಿ ಮನೆ ಮನೆ ಕರೆದು ಬಂದ.

ಮರುದಿನ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಅವನಿಗೆ ಉಸಿರು ಸಾಲದಾಯಿತು. ಕಿಟಕಿಯ ಸರಳು ಹಿಡಿದು ಬಾಯಿ ತೆರೆದು ಕೂತ. ತುಟಿ ಕಪ್ಪಿಟ್ಟಿತು. ಬಸ್ಸು ನಿಲ್ಲಿಸಿ ಅಂದರೂ ಆ ಹೆದ್ದಾರಿಯಲ್ಲಿ ನಿಲ್ಲಿಸಿ ಮಾಡುವುದಾದರೂ ಏನು? ಅವನ ಬೆನ್ನು ತಿಕ್ಕುತ್ತ ಕೂತೆ. ಆಸ್ಪತ್ರೆಯಲ್ಲಿ ತಕ್ಕಡಿಯ ಮೇಲೆ ಇಬ್ಬರು ಹಿಡಿದು ನಿಲ್ಲಿಸಿದಾಗ ಅದು ಹೋದ ಸಲಕ್ಕಿಂತ ಮೂರು ಕಿಲೋಕ್ಕೂ ಹೆಚ್ಚು ತೋರಿಸಿತು. ಇನ್ನೊಮ್ಮೆ ಹೀಗೆ ಆದರೆ ಇಲ್ಲಿಯವರೆಗೆ ಬಂದು ಮುಟ್ಟುವುದೂ ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದ ಮೇಲೆ ಕೇಳಿದೆ, ಎಷ್ಟು ಕುಡಿದೆ ಎಂದು. ತನ್ನ ಲೋಟದ ಲೆಕ್ಕ ಹೇಳಿದ. ಅದು ಸರಿಯಾಗಿಯೇ ಇತ್ತು. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು ಎಂದು ಬಿಡದೆ ಕೇಳಿದ್ದಕ್ಕೆ ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

“ನಾ ಕೇಳಿ ಕುಡದದ್ದಷ್ಟ ನಂದು. ಅವ್ರ ಕೊಟ್ಟದ್ದು ಅವ್ರ ಮರ್ಯಾದಿ. ಅದನ್ನೂ ಲೆಕ್ಕಕ್ಕ ಹಿಡಿತಾರೇನು?”

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನ್ನನ್ನು ಸೋಲಿಸಿದ್ದು. ಬಾಯಾರಿ ಕುಡಿದದ್ದು ನೀರು. ಕೊಟ್ಟರೆಂದು ಕುಡಿದದ್ದು ಬೇರೇನೋ, ಅದಕ್ಕೆ ತೂಕವಿಲ್ಲ. ಯಾರು ಕೊಟ್ಟರೂ ಲೀಟರಿಗೆ ಒಂದು ಕಿಲೋನೇ ಅಪ್ಪಾ ಎಂದು ಗಂಟಲು ಹರಿಯುವಂತೆ ಕೂಗಿದೆ. ತರಗತಿಯಲ್ಲಿ ಹಾಗೆ ಕೂಗಿದರೆ ಮಕ್ಕಳಾದರೂ ತಲೆ ತಗ್ಗಿಸುತ್ತಾರೆ. ಇವನು ಗೋಡೆ ಕಡೆ ಹೊರಳಿ ಮಲಗಿದ.

ನನಗೆ ಕಾಯಿಲೆಯಿದೆ, ನೀರು ಬೇಡ ಎಂದು ಹೇಳಿಬಿಡು ಎಂದರೆ ಅದಕ್ಕೂ ಒಪ್ಪಲಿಲ್ಲ. “ಹಂಗ ಅಂದ್ರ ಮದುವಿ ಮಾತು ಬಿಟ್ಟು ನನ್ನ ಮಾತ ಆಡ್ತಾರ. ನಾ ಕರಿಯಾಕ ಹೋಗಿರ್ತೀನಿ, ಅವ್ರು ನನ್ನ ನೋಡಾಕ ಶುರು ಮಾಡ್ತಾರ.” ಇದಕ್ಕೆ ಮಾತ್ರ ನಾನು ಎದುರಾಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಆ ನೋಟ ಎಂಥದೆಂದು ನನಗೂ ಗೊತ್ತಿತ್ತು.

ಉಳಿದ ಊರುಗಳಿಗೆ ನಾನೇ ಜೊತೆಗೆ ಹೊರಟೆ. ಉಪಾಯ ಅಪ್ಪನದೇ. ರಾಣೆಬೆನ್ನೂರಿನ ಮೊದಲ ಮನೆಯಲ್ಲಿ ನೀರು ಬಂತು, ಬೆಲ್ಲ ಬಂತು. ಅಪ್ಪ ಲೋಟ ಕೈಗೆ ತೆಗೆದುಕೊಂಡು, ಏನೋ ನೆನಪಾದಂತೆ ಕೆಳಗಿಟ್ಟು, “ಎಲ್ಲಿ, ಎಲ್ಲಾರೂ ಹೆಬ್ಬಟ್ಟಿಗೆ ಕಿರುಬಟ್ಟು ಹಚ್ಚರಿ ನೋಡೂಣು” ಎಂದ. ಮನೆಯ ಯಜಮಾನ, ಸೊಸೆ, ಮೊಮ್ಮಕ್ಕಳು ಎಲ್ಲ ಮಣಿಕಟ್ಟು ಬಗ್ಗಿಸಿ ನೋಡಿಕೊಂಡರು. ನಿನಗೈತಿ, ನಿನಗಿಲ್ಲ ಎಂದು ಗದ್ದಲವೆದ್ದಿತು. ಆ ಗದ್ದಲದಲ್ಲಿ ಅವನ ಲೋಟ ಎತ್ತಿ ನಾನು ಕುಡಿದೆ, ನನ್ನ ಖಾಲಿ ಲೋಟ ಅವನ ಮುಂದಿಟ್ಟೆ. ಮೊದಲು ನನ್ನ ಪಾಲಿನದನ್ನು ಕುಡಿದು ಮುಗಿಸಿದ್ದೆ. ಚಹಾ ಬಂದಾಗ ಅಪ್ಪ ಬಾವಲಿಯ ಬೆರಳಿನ ವಿಷಯ ತೆಗೆದ. ಕೈಯೆಲ್ಲ ರೆಕ್ಕೆಯಾಗಿ ಚಾಚಿ ತೋರಿಸುವ ಮುದುಕನನ್ನು ನೋಡುತ್ತ ಅವರು ಬಾಯಿ ತೆರೆದು ಕೂತಿದ್ದರು. ನಾನು ಎರಡು ಕಪ್ಪು ಚಹಾ ಕುಡಿದೆ.

ಹೀಗೆ ಮನೆಯಿಂದ ಮನೆಗೆ ವಿಕಾಸದ ಸಾಕ್ಷ್ಯ ಹೇಳುತ್ತ ಅಪ್ಪ ಹುರುಪಾದ, ನಾನು ಹೈರಾಣಾದೆ. ನನ್ನ ಒಂದು ತಾಸಿನ ಪಾಠ ಯಾವ ತರಗತಿಯಲ್ಲೂ ಇಷ್ಟು ಜನರನ್ನು ಹೀಗೆ ಹಿಡಿದು ಕೂರಿಸಿರಲಿಲ್ಲ. ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು. ಬಸ್ ನಿಲ್ದಾಣದ ಹೆಣ್ಣುಮಕ್ಕಳ ಶೌಚಾಲಯದ ಮುಂದಿನ ಸಾಲು ನೋಡಿದರೆ ಅಳು ಬರುತ್ತಿತ್ತು. ರಾತ್ರಿ ಹಾಸಿಗೆಗೆ ಬಿದ್ದರೆ ಕಾಲು ನನ್ನವಲ್ಲ ಅನಿಸುತ್ತಿತ್ತು, ಬೆಳಗಾದರೆ ಮತ್ತೆ ಶಾಲೆ, ಮತ್ತೆ ಸಾವಿರದಿಂದ ಭಾಗಿಸಿ. ಆದರೆ ತಕ್ಕಡಿ ಮಾತ್ರ ಏರಲಿಲ್ಲ. ಏರಿದ್ದರೆ ನಾನು ಏರಿರಬೇಕು.

ಕೊನೆಗೆ ಉಳಿದದ್ದು ಕುಪ್ಪೇಲೂರು. ಅಲ್ಲಿ ಅಪ್ಪನ ಅಕ್ಕ ಇದ್ದಾಳೆ, ನನಗೆ ಸೋದರತ್ತೆ. ತಾಯಿಯಿಲ್ಲದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಅವಳಿಗೆ ಎರಡೂ ಕಣ್ಣು ಕಾಣುವುದಿಲ್ಲ. ಅವನ ಕಿಡ್ನಿಯ ಸುದ್ದಿಯನ್ನು ಅವಳಿಗೆ ಹೇಳಬಾರದೆಂದು ಅಪ್ಪ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದ. ಭಾನುವಾರ ಮಧ್ಯಾಹ್ನ ಬಸ್ಸಿಳಿದು ಹೋದೆವು. ಬಿಸಿಲು ಜೋರಿತ್ತು. ಭಾನುವಾರ ಯಂತ್ರಕ್ಕೆ ರಜೆ, ಮರುದಿನ ಹಾವೇರಿಗೆ ಹೋಗುವ ಸರದಿ. ಎರಡು ದಿನದ ನೀರು ಮೈಯಲ್ಲಿ ತುಂಬಿದ್ದ ಅಪ್ಪನ ಕಾಲು ಆಗಲೇ ಊದಿದ್ದವು.

ಅತ್ತೆ ಅವನ ಧ್ವನಿ ಕೇಳಿದವಳೇ ಎದ್ದಳು. ಸೊಸೆ ನೀರು ತರುತ್ತೇನೆಂದರೆ ಬಿಡಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಮಣ್ಣಿನ ಕೊಡದಿಂದ ತಾನೇ ತುಂಬಿ ಹಿತ್ತಾಳೆಯ ಚರಿಗೆ ತಂದಳು. ಅವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಚರಿಗೆಯನ್ನು ಅವನ ಕೈಯಲ್ಲಿಟ್ಟು, “ಕುಡಿಯಪ್ಪಾ, ಬಿಸಿಲಾಗ ಬಂದೀದಿ” ಎಂದಳು. ಕಣ್ಣಿಲ್ಲದವಳಿಗೆ ಮಣಿಕಟ್ಟು ತೋರಿಸಿ ಏನು ಮಾಡುವುದು? ಅಪ್ಪ ನನ್ನ ಮುಖ ನೋಡಿದ. ನಾನು ಚರಿಗೆಯನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, ಅವನ ಪಕ್ಕಕ್ಕೇ ಬಾಗಿ, ಸಪ್ಪಳವಾಗುವಂತೆ ಎತ್ತಿ ಕುಡಿದೆ.

ಅತ್ತೆ ಕಿವಿಯನ್ನು ಸ್ವಲ್ಪ ಹೊರಳಿಸಿದಳು. “ಈ ಗುಟುಕು ನನ್ನ ತಮ್ಮಂದಲ್ಲ. ಯಾರ ಕುಡದ್ರು?”

“ನಾನತ್ತಿ” ಎಂದೆ.

“ನಿನಗ ಬೇರೆ ಕೊಡ್ತಿದ್ದೆ. ಅವಂಗ ಯಾಕ ಬ್ಯಾಡಾತು?”

ಅಪ್ಪ ತಲೆ ಎತ್ತಲಿಲ್ಲ. ಹೇಳದೆ ದಾರಿಯಿರಲಿಲ್ಲ, ಸುಳ್ಳು ಹೇಳುವ ತ್ರಾಣವೂ ನನ್ನಲ್ಲಿರಲಿಲ್ಲ. ಕಿಡ್ನಿ ಹೋಗಿರುವುದು, ಯಂತ್ರ, ಮುಕ್ಕಾಲು ಲೀಟರ್, ಮೋಟೆಬೆನ್ನೂರಿನಿಂದ ಬಂದ ಮರುದಿನ ಬಸ್ಸಿನಲ್ಲಿ ಆದದ್ದು, ಎಲ್ಲ ಹೇಳಿದೆ. ಅವಳು ತಮ್ಮನ ಕಾಲು ತಡವಿ, ಊದಿದ ಕಣಕಾಲನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಚರಿಗೆ ಹುಡುಕಿ ತೆಗೆದುಕೊಂಡು, ತಳದಲ್ಲಿ ಉಳಿದ ನೀರಿನಲ್ಲಿ ಎರಡು ಬೆರಳು ಅದ್ದಿ, ಅವನ ತುಟಿಗೆ ಹಚ್ಚಲು ಕೈ ಎತ್ತಿದಳು. ಅರ್ಧಕ್ಕೇ ನಿಂತಳು. ನಮ್ಮಲ್ಲಿ ಹಾಗೆ ಬೆರಳಿನಿಂದ ನೀರು ಬಿಡುವುದು ಕೊನೆಯ ಗಳಿಗೆಯಲ್ಲಿ ಮಾತ್ರ. ಆ ಬೆರಳನ್ನು ಸೀರೆಗೆ ಜೋರಾಗಿ ಒರೆಸಿಕೊಂಡಳು.

“ಹನಿ ಬಿಡಾಕ ನೀ ಏನ ಸಾಯಾಕತ್ತೀಯೇನೋ?” ಎಂದು ಬೈದಳು. ಎದ್ದು, ಮತ್ತೆ ಗೋಡೆ ಹಿಡಿದು ಒಳಗೆ ಹೋದಳು, ಚರಿಗೆ ತುಂಬಿ ತಂದಳು. “ಹಿಡಿ. ಇದನ್ನ ಕುಡಿ. ನನ್ನ ಮುಂದ ಕುಡಿ.”

ಅಪ್ಪ ಮತ್ತೆ ನನ್ನನ್ನು ನೋಡಿದ. ನನ್ನ ತಲೆ ತನ್ನ ಕೆಲಸ ಮಾಡಿತು: ಈ ಚರಿಗೆ ಅರ್ಧ ಲೀಟರ್, ಅಂದರೆ ಅರ್ಧ ಕಿಲೋ, ಈಗಾಗಲೇ ಎರಡರ ಹತ್ತಿರ ಇದ್ದಾನೆ, ಇನ್ನೂ ರಾತ್ರಿ ಕಳೆಯಬೇಕು. ಕೈ ಚಾಚಿ ತಡೆಯಬಹುದಾಗಿತ್ತು. ತಡೆದಿದ್ದರೆ ಅವನು ಕೊಡುತ್ತಿದ್ದ, ಇಷ್ಟು ದಿನ ಕೊಟ್ಟ ಹಾಗೆ. ನಾನು ಬಾಗಿಲಿನ ಕಡೆ ನೋಡಿದೆ. ಹಿಂದಿನಿಂದ ನೀರು ಇಳಿಯುವ ಸಪ್ಪಳ ಕೇಳಿತು. ಒಂದೇ ಉಸಿರಿಗೆ, ಕಂಬ ಇಳಿದು ಬಂದವನಂತೆ ಕುಡಿದ. ಅತ್ತೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಕುಡಿದು ಮುಗಿಸಿ ಅವನು ಮದುವೆಗೆ ಬಾ ಎಂದು ಕರೆದ, ಅವಳು ಬರುತ್ತೇನೆ ಎಂದಳು.

ಆ ರಾತ್ರಿ ಬ್ಯಾಡಗಿಯಲ್ಲಿ ಅವನಿಗೆ ಮಲಗಲಾಗಲಿಲ್ಲ. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದೆ. ನಾನೂ ಕೂತೆ. ಅವನ ಮೇಲೆ, ಅತ್ತೆಯ ಮೇಲೆ, ನನ್ನ ಮೇಲೆ ಸಿಟ್ಟು ಬಂದು ಬಂದು ಹೋಯಿತು. ಒಂದೊಂದು ಉಸಿರು ಎಳೆಯುವಾಗಲೂ ಅವನ ಎದೆಯಲ್ಲಿ ಸಪ್ಪಳವಾಗುತ್ತಿತ್ತು. ಇವನು ಬೆಳಗಿನವರೆಗೆ ಇರಲಿ ಎಂಬುದೊಂದೇ ನನಗೆ ಬೇಕಾಗಿತ್ತು. ಮದುವೆ, ಮರ್ಯಾದೆ ಯಾವುದೂ ನೆನಪಿಗೆ ಬರಲಿಲ್ಲ. ನಸುಕಿನಲ್ಲೇ ಕಾರು ಗೊತ್ತು ಮಾಡಿ ಹಾವೇರಿಗೆ ಒಯ್ದೆವು.

ಯಂತ್ರ ನೋಡಿಕೊಳ್ಳುವಾತ ತಕ್ಕಡಿ ನೋಡಿ ನನ್ನ ಕಡೆ ತಿರುಗಿದ. “ಏನ್ರಿ ಮೇಡಂ, ನೀವ ಜೋಡಿ ಇದ್ದೂ ಹಿಂಗ?” ಅಪ್ಪನನ್ನು ಮಲಗಿಸಿ ಎಡಗೈಗೆ ಸೂಜಿ ಚುಚ್ಚಿದರು. ಎಷ್ಟು ನೀರು ತೆಗೆಯಬೇಕೆಂದು ಯಂತ್ರಕ್ಕೆ ಹೇಳುವ ಗುಂಡಿಯ ಮೇಲೆ ಆತ ಬೆರಳಿಟ್ಟ. ಆಗ ಅಪ್ಪ ಆಮ್ಲಜನಕದ ಮುಖವಾಡವನ್ನು ಬಲಗೈಯಿಂದ ಸರಿಸಿದ.

“ಎಲ್ಲಾ ತಗೀಬ್ಯಾಡೋ ತಮ್ಮಾ. ಒಂದ ಚರಗಿ ಬಿಡು. ಅದು ನಮ್ಮಕ್ಕ ಕೊಟ್ಟದ್ದು.”

ಆತ ನಗಬೇಕೋ ಬೇಡವೋ ತಿಳಿಯದೆ ನನ್ನನ್ನು ನೋಡಿದ. ನಾನು ಮುಖವಾಡವನ್ನು ಅಪ್ಪನ ಮೂಗಿಗೆ ಮತ್ತೆ ಸರಿಯಾಗಿ ಕೂರಿಸಿದೆ.

“ಎಲ್ಲಾ ತಗೀರಿ” ಎಂದೆ.